ಇರುವೆಯೂ ಅವಳ ಅಕ್ಕನ ಚಾಳೀಸೂ

ನಮ್ಮ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿಗೆ ಇರುವೆ ಎಂದು ಹೆಸರಿಟ್ಟವಳು ನಾನೇ. ಅವಳು ಕೆಲಸಕ್ಕೆ ಸೇರಿದ ವಾರದಲ್ಲೇ ಇಟ್ಟೆ. ಒಂದು ಹೆಗಲಿಗೆ ಪುಸ್ತಕದ ಚೀಲ, ಇನ್ನೊಂದು ಹೆಗಲಿಗೆ ಅವಳ ಅಕ್ಕ ಹೊಲಿದು ಮುಗಿಸಿದ ಬಟ್ಟೆಗಳ ಗಂಟು, ಕೈಯಲ್ಲಿ ಊಟದ ಡಬ್ಬಿ. ಗಂಟಿನಲ್ಲಿದ್ದ ಬಟ್ಟೆಗಳನ್ನು ದಾರಿಯುದ್ದಕ್ಕೂ ಗಿರಾಕಿಗಳ ಮನೆಗೆ ಕೊಡುತ್ತಾ ಬರಬೇಕಿತ್ತು. ತನ್ನ ಮೈತೂಕಕ್ಕಿಂತ ಹೆಚ್ಚು ಹೊತ್ತುಕೊಂಡು ಗೋಡೆಯಂಚಿನಲ್ಲೇ ಸರಸರ ಬರುವವಳನ್ನು ಇನ್ನೇನೆಂದು ಕರೆಯಲಿ? ಅವಳು ಕೋಪಿಸಿಕೊಳ್ಳಲಿಲ್ಲ. "ಇರುವೆ ಅಂದ್ರೆ ಪರವಾಗಿಲ್ಲ ದೊಡ್ಡಮ್ಮ, ಕತ್ತೆ ಅನ್ನಲಿಲ್ವಲ್ಲ," ಎಂದಳು. ಅವತ್ತಿನಿಂದ ನಾನು ಅವಳಿಗೆ ದೊಡ್ಡಮ್ಮ, ಅವಳು ನನಗೆ ಇರುವೆ.

ಅಂಗಡಿ ಎಂದರೆ ರೈಲು ಡಬ್ಬಿಯ ಹಾಗೆ ಉದ್ದನೆಯ ಒಂದೇ ಕೋಣೆ. ಬೀದಿಯ ಕಡೆಗೆ ಗಾಜು, ಗಾಜಿನ ಹಿಂದೆ ಫ್ರೇಮು ಮಾರುವ ನಾನು. ನನ್ನ ಹಿಂದೆ ಕನ್ನಡಿಗಳು, ಅವುಗಳ ಹಿಂದೆ ಒಂದು ಕಪ್ಪು ಪರದೆ. ಪರದೆಯಾಚೆ ಅವಳ ರಾಜ್ಯ. ಒಂದು ಎತ್ತರದ ಕುರ್ಚಿ, ಎದುರುಗೋಡೆಯ ಮೇಲೆ ಬೆಳಕಿನ ಪೆಟ್ಟಿಗೆಯಲ್ಲಿ ಅಕ್ಷರಗಳ ಪಟ್ಟಿ, ಲೆನ್ಸುಗಳನ್ನು ಸಾಲಾಗಿ ನಿಲ್ಲಿಸಿಟ್ಟ ಮರದ ಪೆಟ್ಟಿಗೆ, ಅವಳು ಕೂರಲು ಬೆನ್ನಿಲ್ಲದ ಒಂದು ಸ್ಟೂಲು. ಇನ್ನೂ ಹಿಂದೆ ಲೆನ್ಸ್ ಉಜ್ಜುವ ಯಂತ್ರವಿದೆ. ಅದು ಕೂಗಲು ಶುರುಮಾಡಿತೆಂದರೆ ನಾನು ಗಿರಾಕಿಗಳಿಗೆ ಹೇಳುವ ಸುಳ್ಳು ನನಗೇ ಕೇಳಿಸುವುದಿಲ್ಲ.

ಸುಳ್ಳು ಎಂದೆನಲ್ಲ, ಮುಚ್ಚುಮರೆ ಏಕೆ? ಈ ಫ್ರೇಮು ನಿಮ್ಮ ಮುಖಕ್ಕಾಗಿಯೇ ಮಾಡಿದ ಹಾಗಿದೆ ಎಂದು ದಿನಕ್ಕೆ ಹತ್ತು ಮುಖಗಳಿಗೆ ಹೇಳುವುದು ನನ್ನ ಕೆಲಸ. ಅವಳದು ಜನರ ಬಾಯಿಂದ ನಿಜ ಹೊರಡಿಸುವ ಕೆಲಸ. ಅದು ನನ್ನದಕ್ಕಿಂತ ಕಷ್ಟ. ಆ ಕುರ್ಚಿಯ ಮೇಲೆ ಕೂತರೆ ಎಂಥವರಿಗೂ ಪರೀಕ್ಷೆಗೆ ಕೂತ ಹಾಗಾಗುತ್ತದೆ. ಕಾಣದ ಅಕ್ಷರವನ್ನು ಊಹಿಸಿ ಹೇಳುತ್ತಾರೆ. ಲೆನ್ಸ್ ಬದಲಾಯಿಸಿ "ಮೊದಲಿಂದು ಚೆನ್ನಾಗಿತ್ತಾ, ಇದು ಚೆನ್ನಾಗಿದೆಯಾ?" ಎಂದು ಕೇಳಿದರೆ ಪಾಪ, ಹುಡುಗಿಗೆ ತೊಂದರೆ ಏಕೆ ಎಂದು "ಎರಡೂ ಚೆನ್ನಾಗಿದೆ" ಎಂದುಬಿಡುತ್ತಾರೆ. ಹಾಗೆ ಹೇಳಿದವರು ಮನೆಗೆ ಹೋಗಿ ಮೆಟ್ಟಿಲು ತಪ್ಪಿ, ಮೂರನೇ ದಿನ ಬಂದು ನನ್ನ ಮೇಲೆ ಹಾರಾಡುತ್ತಾರೆ. ಆದ್ದರಿಂದ ಇರುವೆಯ ಹತ್ತಿರ ಒಂದು ಪದ್ಧತಿಯಿತ್ತು. ತೀರಾ ದಾಕ್ಷಿಣ್ಯದವರು ಎಂದು ಕಂಡರೆ ಅವಳು ಚೆನ್ನಾಗಿದೆಯಾ ಎಂದು ಕೇಳುವುದನ್ನೇ ಬಿಟ್ಟುಬಿಡುತ್ತಿದ್ದಳು. ಸುಮ್ಮನೆ ಓದಿಸುತ್ತಿದ್ದಳು. "ಬಾಯಿಗೆ ದಾಕ್ಷಿಣ್ಯ ಇರತ್ತೆ ದೊಡ್ಡಮ್ಮ, ಕಣ್ಣಿಗಿರಲ್ಲ," ಎನ್ನುತ್ತಿದ್ದಳು.

ಇಷ್ಟು ತಿಳಿದ ಹುಡುಗಿ ತನ್ನ ಮನೆಯಲ್ಲಿ ಏನು ಮಾಡಿದಳು ಎಂಬುದನ್ನು ಹೇಳುವ ಮೊದಲು ಅವಳ ದಿನ ಹೇಗಿರುತ್ತಿತ್ತು ಎಂದು ಹೇಳಬೇಕು.

ಅವಳನ್ನು ಸಾಕಿದವಳು ಅಕ್ಕ. ಅಮ್ಮ ಹೋದಾಗ ಇರುವೆ ಇನ್ನೂ ಅಂಬೆಗಾಲಿಡುತ್ತಿದ್ದಳಂತೆ. ಅಕ್ಕನಿಗೆ ಆಗಲೇ ಹೊಲಿಗೆ ಮೆಷಿನ್ ತುಳಿಯುವ ವಯಸ್ಸು. ಮದುವೆಯಾಗುವಾಗ ಅಕ್ಕ ಒಂದೇ ಮಾತು ಹೇಳಿದಳಂತೆ: ತಂಗಿ ನನ್ನ ಜೊತೆ ಬರುತ್ತಾಳೆ. ಭಾವ ಲಿಫ್ಟ್ ರಿಪೇರಿ ಮಾಡುವವನು, ಒಳ್ಳೆಯ ಮನುಷ್ಯ, ಬಾಯಿ ತೆರೆದರೆ ತಮಾಷೆ. ಅವರಿಗೆ ಮಕ್ಕಳಾಗಲಿಲ್ಲ. ಇರುವೆಯೇ ಮಗಳು, ಇರುವೆಯೇ ತಂಗಿ, ಬಟ್ಟೆ ತಲುಪಿಸುವ ಆಳೂ ಇರುವೆಯೇ. ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಕಿಟಕಿ ಪಕ್ಕ ಮೆಷಿನ್, ಮೆಷಿನ್ನಿನ ಹಿಂದೆ ಇರುವೆಯ ಮಂಚ. ಬೆಳಿಗ್ಗೆ ಎದ್ದವಳೇ ಅಕ್ಕನ ಸೂಜಿದಿಂಬಿನಲ್ಲಿರುವ ಸೂಜಿಗಳಿಗೆಲ್ಲ ದಾರ ಪೋಣಿಸಬೇಕು. ಕಪ್ಪು, ಬಿಳಿ, ನೀಲಿ, ಕಂದು, ಆ ದಿನ ಯಾವ ಬಣ್ಣ ಬೇಕೋ ಅದು. ಆಮೇಲೆ ಗಂಟು ಹೊತ್ತು ಅಂಗಡಿಗೆ. ಸಂಜೆವರೆಗೆ ಪರದೆಯ ಹಿಂದಿನ ಕತ್ತಲು ಕೋಣೆ. ಸಂಜೆ ಓಡಿಹೋಗಿ ಕಣ್ಣು ಪರೀಕ್ಷೆಯ ಪದವಿ ತರಗತಿ. ಬಂದು ಓದಬೇಕು, ಮಲಗಬೇಕು, ಮತ್ತೆ ಏಳಬೇಕು. ಎಷ್ಟೋ ಸಲ ಪರದೆಯ ಹಿಂದಿನಿಂದ ಮಾತು ನಿಂತುಹೋಗಿ ನಾನು ಇಣುಕಿದರೆ, ಗಿರಾಕಿ ಒಂದು ಕಣ್ಣು ಮುಚ್ಚಿಕೊಂಡು ಕಾಯುತ್ತಿರುತ್ತಿದ್ದರು, ಇವಳು ಎರಡೂ ಕಣ್ಣು ಮುಚ್ಚಿ ಸ್ಟೂಲಿನ ಮೇಲೆ ನಿದ್ದೆ ಹೋಗಿರುತ್ತಿದ್ದಳು. ಕೈಯಲ್ಲಿದ್ದ ಲೆನ್ಸ್ ಮಾತ್ರ ಬೀಳುತ್ತಿರಲಿಲ್ಲ. ಅದು ವಿದ್ಯೆಯೋ ಭಯವೋ ನನಗೆ ತಿಳಿಯದು.

ಅವಳು ಓದುತ್ತಿದ್ದ ವಿಶ್ವವಿದ್ಯಾಲಯಕ್ಕೆ ನಾನು ಒಮ್ಮೆ ಹೋಗಿದ್ದೆ, ಅವಳು ಮರೆತ ಡಬ್ಬಿ ಕೊಡಲು. ಹೆಸರೇನೋ ವಿಶ್ವದ್ದೇ, ಇರುವುದು ಪೀಠೋಪಕರಣದ ಅಂಗಡಿಯೊಂದರ ಮೇಲಿನ ಎರಡು ಮಹಡಿ. ಕಣ್ಣಿನ ಒಳಗನ್ನು ನೋಡುವ ದೊಡ್ಡ ಯಂತ್ರ ಒಂದೇ ಒಂದು. ಅದರ ಮುಂದೆ ಇಡೀ ತರಗತಿ ನೀರಿನ ನಲ್ಲಿಯ ಮುಂದೆ ನಿಂತ ಹಾಗೆ ಸಾಲು ನಿಂತಿತ್ತು. ಸರದಿ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಅಲ್ಲಿಂದ ಪದವಿ ಪಡೆದು ಹೊರಬಂದವರೆಲ್ಲ ಎಲ್ಲಿದ್ದಾರೆ ಎಂದು ಕೇಳಿದರೆ, ನಮ್ಮಂಥ ಅಂಗಡಿಗಳಲ್ಲಿ, ಇಂಥದೇ ಸ್ಟೂಲುಗಳ ಮೇಲೆ. ಅಂದರೆ ಇರುವೆ ನಾಲ್ಕು ವರ್ಷ ಬೆವರು ಸುರಿಸಿ ಓದಿ ಬಂದು ಸೇರುವುದು ತಾನು ಈಗ ಕೂತಿರುವ ಜಾಗಕ್ಕೇ. ಇದನ್ನು ನಾನು ಅವಳಿಗೆ ಬಾಯಿಬಿಟ್ಟು ಹೇಳಿದೆ. ಅವಳಿಗೆ ಗೊತ್ತಿಲ್ಲದ್ದೇನಲ್ಲ.

ದೂರದ ದೊಡ್ಡ ನಗರದಲ್ಲಿ ಇನ್ನೊಂದು ವಿಶ್ವವಿದ್ಯಾಲಯವಿದೆ. ಅದಕ್ಕೆ ತನ್ನದೇ ಕಣ್ಣಿನ ಆಸ್ಪತ್ರೆ. ಅಲ್ಲಿ ಓದಿದವರನ್ನು ಆಸ್ಪತ್ರೆಗಳು ಕರೆದು ಕೆಲಸ ಕೊಡುತ್ತವೆ. ಎರಡನೇ ವರ್ಷ ಮುಗಿಯುತ್ತಿದ್ದ ಹಾಗೆ, ನಾನು ಕಾಡಿ ಬೇಡಿ, ಅಲ್ಲಿಗೆ ವರ್ಗ ಮಾಡಿಕೊಳ್ಳಿ ಎಂದು ಅವಳಿಂದ ಅರ್ಜಿ ಹಾಕಿಸಿದೆ. ಸಿಗುವುದಿಲ್ಲ ಎಂದುಕೊಂಡೇ ಅವಳು ಹಾಕಿದಳು. ಸಿಕ್ಕಿತು. ಆದರೆ ಒಂದು ಕೊಕ್ಕೆ. ಇಲ್ಲಿನ ಎರಡನೇ ವರ್ಷವನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡನೇ ವರ್ಷವನ್ನು ಅಲ್ಲಿ ಮತ್ತೆ ಓದಬೇಕು. ಬರುತ್ತೀಯೋ ಇಲ್ಲವೋ ಎಂದು ಶನಿವಾರದೊಳಗೆ ತಿಳಿಸಬೇಕು.

ಸುದ್ದಿ ಬಂದ ಸೋಮವಾರ ಅವಳು ಸಂತೋಷಪಡುತ್ತಾಳೆ ಎಂದು ನಾನು ಬನ್ನು ತರಿಸಿದ್ದೆ. ಅವಳು ಬನ್ನು ಮುರಿದು ಚಹಾದಲ್ಲಿ ಅದ್ದಿ, ಅದು ಕರಗಿ ಲೋಟದ ತಳ ಸೇರುವವರೆಗೂ ನೋಡುತ್ತಾ ಕೂತಳು.

"ಮತ್ತೆ ಎರಡನೇ ವರ್ಷ ದೊಡ್ಡಮ್ಮ. ಹತ್ತಿದ ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು."

"ಇಲ್ಲಿ ಹತ್ತಿದ ಮೆಟ್ಟಿಲು ಎಲ್ಲಿಗೆ ಹೋಗತ್ತೆ ಹೇಳು. ಪೀಠೋಪಕರಣದ ಅಂಗಡಿ ಮೇಲಕ್ಕೆ!"

"ನೀವು ಹೇಳೋದು ಸರಿ. ಆದ್ರೆ ನನಗೆ ಶಕ್ತಿ ಇಲ್ಲ."

ಅದನ್ನು ಅವಳು ದುಃಖದಿಂದ ಹೇಳಲಿಲ್ಲ. ಅಂಗಡಿಯಲ್ಲಿ ಸ್ಕ್ರೂ ಇಲ್ಲ, ತರಿಸಬೇಕು ಎಂದು ಹೇಳುವ ಹಾಗೆ ಹೇಳಿದಳು. ನನಗೆ ಅದೇ ಹೆದರಿಕೆಯಾಯಿತು.

ಆ ವಾರ ಬುದ್ಧಿ ಹೇಳುವವರಿಗೇನು ಬರ? ಬಿಟ್ಟಿ ಸಿಗುವುದು ಅದೊಂದೇ. ಅಂಗಡಿಯ ಯಜಮಾನರು ಎರಡು ವರ್ಷದಿಂದ ತರುತ್ತೇನೆ ತರುತ್ತೇನೆ ಎನ್ನುತ್ತಿದ್ದ, ಬೆನ್ನಿರುವ ಕುರ್ಚಿ ಮಂಗಳವಾರ ಬೆಳಿಗ್ಗೆ ಕತ್ತಲು ಕೋಣೆಯಲ್ಲಿ ಪ್ರತ್ಯಕ್ಷವಾಗಿತ್ತು. "ನೀನು ಹೋದ್ರೆ ಅಂಗಡಿಗೆ ಕಣ್ಣು ಹೋದ ಹಾಗಮ್ಮ," ಎಂದು ಅದರ ಬೆನ್ನು ತಟ್ಟಿದರು. ಕುರ್ಚಿಯ ಬೆನ್ನು, ಅವಳದ್ದಲ್ಲ. ಅವಳ ಕಾಲೇಜಿನ ಮೇಷ್ಟ್ರು, ಎಲ್ಲಿ ಓದಿದರೂ ಓದುವವರು ಓದುತ್ತಾರೆ, ಕಟ್ಟಡ ದೊಡ್ಡದಾದರೆ ತಲೆ ದೊಡ್ಡದಾಗುತ್ತದೆಯೇ ಎಂದು ಉಪದೇಶ ಮಾಡಿದರಂತೆ. ಅವರ ಸ್ವಂತ ಮಗಳು ಓದುತ್ತಿರುವುದು ಆ ದೊಡ್ಡ ಕಟ್ಟಡದಲ್ಲೇ. ಆಚಾರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ! ಭಾವ ಮಾತ್ರ ತನ್ನ ಕಸುಬಿನ ಭಾಷೆಯಲ್ಲೇ ಹೇಳಿದನಂತೆ: "ಬಟನ್ ಒತ್ತಿದೋಳು ನೀನೇ. ಲಿಫ್ಟ್ ಬಂದು ಬಾಗಿಲು ತೆಗೆದು ನಿಂತಿದೆ. ಒಳಗೆ ಹೋಗು, ಇಲ್ಲಾಂದ್ರೆ ಬೇಡ ಅನ್ನು. ನಡುವೆ ಕಾಲಿಟ್ಕೊಂಡು ನಿಂತ್ರೆ ಯಾರಿಗೂ ಹೋಗೋಕಾಗಲ್ಲ."

"ಮತ್ತೆ ಅಕ್ಕ ಏನಂದ್ರು?" ಎಂದು ಕೇಳಿದೆ.

"ಅಕ್ಕನಾ? ನೀನು ಹೋದ್ರೂ ನನಗೆ ಸಂತೋಷ, ಇದ್ರೂ ಸಂತೋಷ, ಎರಡೂ ಒಂದೇ ಅಂದ್ಲು."

ಹೇಳುವಾಗ ಅವಳು ಲೆನ್ಸ್ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ. ಬೇರೆ ಯಾರಾದರೂ ಆ ಕುರ್ಚಿಯ ಮೇಲೆ ಕೂತು ಎರಡೂ ಒಂದೇ ಎಂದಿದ್ದರೆ ಅವಳು ಬಿಡುತ್ತಿದ್ದಳೇ? ಅಕ್ಕನ ಮಾತನ್ನು ಹಾಗೆಯೇ ನಂಬಿ ಜೇಬಿಗೆ ಹಾಕಿಕೊಂಡಿದ್ದಳು.

ಬುಧವಾರ ನಮ್ಮ ಮನೆಯವರ ಪ್ಯಾಂಟಿನ ಕಾಲು ಗಿಡ್ಡ ಮಾಡಿಸಬೇಕಿತ್ತು. ಊಟದ ಹೊತ್ತಿನಲ್ಲಿ ಇರುವೆಯ ಅಕ್ಕನ ಮನೆಗೆ ಹೋದೆ. ಪ್ಯಾಂಟು ನೆಪ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಎರಡೂ ಒಂದೇ ಎಂದವಳ ಮುಖ ನೋಡಬೇಕಿತ್ತು.

ಅಕ್ಕ ಕಿಟಕಿಯ ಹತ್ತಿರ ಕೂತಿದ್ದಳು. ತೊಡೆಯ ಮೇಲೆ ಹೋಟೆಲಿನ ಮಾಣಿಯೊಬ್ಬನ ಕಪ್ಪು ಕೋಟು. ಅದರ ಅಂಚು ಹೊಲಿದದ್ದನ್ನು ಬಿಚ್ಚುತ್ತಿದ್ದಳು. ಕಪ್ಪು ಬಟ್ಟೆಗೆ ಕಡುನೀಲಿ ದಾರ ಹಾಕಿ ಹೊಲಿದಿದ್ದಳು. ಮಾಣಿ ಬಿಸಿಲಿನಲ್ಲಿ ನೋಡಿ ವಾಪಸು ತಂದು ಎಸೆದು ಹೋಗಿದ್ದನಂತೆ. ದಾರಕ್ಕೆ ಕತ್ತರಿ ತಾಗಿಸಲು ಅವಳು ಕೋಟನ್ನು ಮುಖದಿಂದ ದೂರ, ಇನ್ನೂ ದೂರ ಹಿಡಿದಳು. ಆಮೇಲೆ ಕತ್ತನ್ನೂ ಹಿಂದಕ್ಕೆಳೆದುಕೊಂಡಳು. ಮೂವತ್ತು ವರ್ಷ ಕನ್ನಡಕದ ಅಂಗಡಿಯಲ್ಲಿ ನಿಂತವಳು ನಾನು. ನಲವತ್ತು ದಾಟಿದವರು ಪೇಪರನ್ನು ಹೀಗೆ ಹಿಡಿದುಕೊಂಡು ಒಳಗೆ ಬಂದರೆ, ಅವರು ಬಾಯಿ ಬಿಡುವ ಮೊದಲೇ ನಾನು ಓದುವ ಚಾಳೀಸಿನ ಡಬ್ಬ ತೆಗೆದಿರುತ್ತೇನೆ.

"ಎಷ್ಟು ದಿನದಿಂದ ಹೀಗೆ?" ಎಂದೆ.

ಅವಳು ಅರ್ಥವಾಗದವಳ ಹಾಗೆ ನೋಡಿದಳು. "ಏನು? ಬೆಳಕು ಸರಿ ಇರಲಿಲ್ಲ ಅಷ್ಟೇ."

"ಬೆಳಕಿಗೇನಾಗಿದೆ? ನಡುಮಧ್ಯಾಹ್ನ ಇದು. ನಿಮಗೆ ಹತ್ತಿರದ್ದು ಕಾಣಿಸ್ತಿಲ್ಲ. ಸೂಜಿಗೆ ದಾರ ಹೇಗೆ ಪೋಣಿಸ್ತೀರಿ?"

ಕೇಳಿದ ಮೇಲೆ ನನಗೇ ಉತ್ತರ ಹೊಳೆಯಿತು. ಮೆಷಿನ್ನಿನ ಪಕ್ಕದ ಸೂಜಿದಿಂಬಿನ ಮೇಲೆ, ಬೆಳಿಗ್ಗೆ ಇರುವೆ ಪೋಣಿಸಿಟ್ಟುಹೋದ ಸೂಜಿಗಳು ಬಣ್ಣಬಣ್ಣದ ಬಾಲ ಇಳಿಬಿಟ್ಟುಕೊಂಡು ನಿಂತಿದ್ದವು. ಕಪ್ಪು ಯಾವುದು, ಕಡುನೀಲಿ ಯಾವುದು ಎಂದು ಅಕ್ಕನಿಗೆ ಗೊತ್ತಾಗುತ್ತಿರಲಿಲ್ಲ. ಊರಿನವರ ಕಣ್ಣಿಗೆಲ್ಲ ನಂಬರು ಕೊಡುವ ಹುಡುಗಿ ವರ್ಷಗಟ್ಟಲೆ ದಿನಾ ಬೆಳಿಗ್ಗೆ ಅಕ್ಕನ ಸೂಜಿಗೆ ದಾರ ಪೋಣಿಸಿದ್ದಾಳೆ, ಒಂದು ದಿನವೂ ಯಾಕೆ ಎಂದು ಕೇಳಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂದು ಸುಮ್ಮನೆ ಹೇಳುತ್ತಾರೆಯೇ?

"ಮೊದಲು ಆಟಕ್ಕೆ ಪೋಣಿಸ್ತಿದ್ಲು, ಚಿಕ್ಕೋಳಿದ್ದಾಗ," ಎಂದಳು ಅಕ್ಕ. "ಆಮೇಲೆ ಅದೇ ಅಭ್ಯಾಸ ಆಯ್ತು. ನಿನ್ನ ಕಣ್ಣು ಚುರುಕು, ನೀನೇ ಮಾಡು ಅಂತಿದ್ದೆ. ನಿದ್ದೆಗಣ್ಣಲ್ಲೇ ಮಾಡಿ ಹೋಗ್ತಾಳೆ." ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಅಮ್ಮ, ದಯವಿಟ್ಟು ಅವಳಿಗೆ ಹೇಳಬೇಡಿ. ಈ ಶನಿವಾರ ಒಂದು ಕಳೀಲಿ. ಅವಳು ಆ ಕಡೆ ಹೊರಟ ಮೇಲೆ ನಾನೇ ಬಂದು ನಿಮ್ಮ ಹತ್ರ ಒಂದು ಚಾಳೀಸು ತಗೋತೀನಿ."

ನಾನು ಆಗಲಿ ಎಂದೆ. ಮನಸ್ಸಿಟ್ಟೇ ಹೇಳಿದೆ. ಆದರೆ ನನ್ನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ ಎಂದು ನನ್ನ ಹೆತ್ತ ತಾಯಿಯೇ ಹೇಳುತ್ತಿದ್ದಳು. ಗುರುವಾರ ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಎಲ್ಲವನ್ನೂ ಹೇಳಿ ಮುಗಿಸಿದ್ದೆ.

ಇರುವೆ ಗಂಟು ಕೆಳಗಿಳಿಸಿ ಹೊಸ ಕುರ್ಚಿಯ ಮೇಲೆ ಕೂತಳು. ಅತ್ತಳು ಎಂದುಕೊಂಡಿರಾ? ಇಲ್ಲ. ಸ್ವಲ್ಪ ಹೊತ್ತು ತನ್ನ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ಅವಳ ಮುಖದ ಮೇಲೆ ಏನೋ ಸಡಿಲವಾಯಿತು. ಬಿಗಿಯಾದ ಚಪ್ಪಲಿ ಬಿಚ್ಚಿದಾಗ ಆಗುತ್ತದಲ್ಲ, ಹಾಗೆ. "ಸರಿ ಬಿಡಿ ದೊಡ್ಡಮ್ಮ. ಇನ್ನು ಯೋಚನೆ ಮಾಡೋ ಹಾಗಿಲ್ಲ. ಅಕ್ಕನ್ನ ಹೀಗೆ ಬಿಟ್ಟು ಹೋಗೋಕಾಗತ್ತಾ?" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕನ ಕಣ್ಣಿಗೆ ಆಗಿರುವುದು ಊರಲ್ಲಿ ನಲವತ್ತು ದಾಟಿದ ಎಲ್ಲರಿಗೂ ಆಗುವುದೇ. ಒಂದು ಚಾಳೀಸು ಹಾಕಿಕೊಂಡರೆ ಮುಗಿಯಿತು. ಅದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಅವಳಿಗೆ ಅದು ದೇವರು ಕೊಟ್ಟ ನೆಪವಾಗಿ ಕಂಡಿತ್ತು. ಹೋಗಲಾರೆ ಎನ್ನುವುದಕ್ಕೆ ಶಕ್ತಿಯಿಲ್ಲ ಎಂಬ ಕಾರಣ ಯಾರಿಗೂ ಸಾಲುವುದಿಲ್ಲ. ಅಕ್ಕ ಎಂಬ ಕಾರಣ ಎಲ್ಲರಿಗೂ ಸಾಲುತ್ತದೆ. ಬೈಯಬೇಕೆಂದು ಬಾಯಿ ತೆರೆದವಳು ಅವಳ ಕಣ್ಣಿನ ಕೆಳಗಿನ ಕಪ್ಪು ನೋಡಿ ಸುಮ್ಮನಾದೆ. ಅಷ್ಟು ದಣಿದವಳಿಗೆ ನೆಪವೂ ಒಂದು ದಿಂಬೇ. ತಲೆಯಿಟ್ಟರೆ ಇಡಲಿ ಎನ್ನಿಸಿತು. ಒಂದು ಮಾತು ಮಾತ್ರ ಹೇಳಿದೆ.

"ಹೋಗ್ಲಿ ಬಿಡು. ಆದ್ರೆ ಮೊದಲು ಅಕ್ಕನ್ನ ಕರ್ಕೊಂಡು ಬಂದು ಆ ಪರೀಕ್ಷೆ ಕುರ್ಚಿ ಮೇಲೆ ಕೂರಿಸು."

ಮಧ್ಯಾಹ್ನ ಅಕ್ಕ ಬಂದಳು. ಒಳಗೆ ಬರುವಾಗ ನನ್ನನ್ನು ನೋಡಿದ ನೋಟಕ್ಕೆ ನಾನು ಫ್ರೇಮುಗಳನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಜೋಡಿಸತೊಡಗಿದೆ. ಆದರೆ ಪರದೆಯ ಹತ್ತಿರವೇ ನಿಂತಿದ್ದೆ. ಪರದೆಯನ್ನು ಪೂರ್ತಿ ಎಳೆದಿರಲಿಲ್ಲ, ಅದು ನನ್ನ ತಪ್ಪಲ್ಲ.

ಇರುವೆ ಅಕ್ಕನ ಮೂಗಿನ ಮೇಲೆ ಆ ಗುಂಡಗಿನ ಭಾರದ ಪರೀಕ್ಷೆಯ ಕನ್ನಡಕ ಕೂರಿಸಿದಳು. ದೂರದ ಅಕ್ಷರಗಳನ್ನು ಅಕ್ಕ ಕೊನೆಯ ಸಾಲಿನವರೆಗೂ ಪಟಪಟ ಓದಿದಳು. ದೂರಕ್ಕೆ ಏನೂ ತೊಂದರೆಯಿಲ್ಲ. ಆಮೇಲೆ ಕೈಗೆ ಓದುವ ಕಾರ್ಡು ಕೊಟ್ಟು ಒಂದು ಲೆನ್ಸ್ ಹಾಕಿದಳು, ತೆಗೆದು ಇನ್ನೊಂದು ಹಾಕಿದಳು.

"ಮೊದಲಿಂದು ಚೆನ್ನಾಗಿತ್ತಾ, ಇದಾ?"

"ಎರಡೂ ಚೆನ್ನಾಗಿದೆ ಪುಟ್ಟಿ."

"ಸರಿಯಾಗಿ ನೋಡು. ಇದಾ, ಅದಾ?"

"ನಿನಗೆ ಯಾವುದು ಸುಲಭವೋ ಅದನ್ನೇ ಕೊಡು."

ಇರುವೆಯ ಕೈ ಅಲ್ಲೇ ನಿಂತಿತು. ಆ ಹುಡುಗಿ ಗಿರಾಕಿಗಳ ಮೇಲೆ ದನಿ ಎತ್ತಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ. ಅವತ್ತು ಕೇಳಿದೆ.

"ಸುಲಭ ಏನಕ್ಕ ಸುಲಭ! ನನ್ನ ಸುಲಭ ಕೇಳಿದ್ನಾ ನಾನು? ಹೀಗೇ ಅಲ್ವಾ ನೀನು? ಹೋಗ್ಲಾ ಅಂದ್ರೆ ಎರಡೂ ಒಂದೇ. ಇರ್ಲಾ ಅಂದ್ರೆ ಎರಡೂ ಒಂದೇ. ಒಂದು ಸಲ, ಒಂದೇ ಒಂದು ಸಲ ನಿನಗೆ ಏನು ಕಾಣಿಸ್ತಿದೆ ಅಂತ ಹೇಳು!"

ಅಕ್ಕ ಕಾರ್ಡನ್ನು ತೊಡೆಯ ಮೇಲಿಟ್ಟಳು. ಇರುವೆ ಉಸಿರು ಬಿಟ್ಟು, ಕಣ್ಣೊರೆಸಿಕೊಂಡು, ತನ್ನ ಪದ್ಧತಿಗೆ ಬಂದಳು. ಕೇಳುವುದನ್ನು ಬಿಟ್ಟಳು. ತಾನಿನ್ನೂ ತಲುಪಿಸಿರದ ಮಾಣಿಯ ಆ ಕಪ್ಪು ಕೋಟನ್ನೇ ಗಂಟಿನಿಂದ ಎಳೆದು ಅಕ್ಕನ ಕೈಗೆ ಕೊಟ್ಟಳು. ಅಕ್ಕನ ಕತ್ತಿನಲ್ಲೇ ನೇತಾಡುತ್ತಿದ್ದ ಅಳತೆ ಟೇಪನ್ನು ತೆಗೆದು, ಮೆಷಿನ್ನಿನ ಮುಂದೆ ಕೂರುವ ಹಾಗೆ ಕೂರು ಎಂದು ಹೇಳಿ, ಕಣ್ಣಿನಿಂದ ಬಟ್ಟೆಗೆ ಎಷ್ಟು ದೂರ ಎಂದು ಅಳೆದಳು. ಓದುವವರಿಗೆ ಕೊಡುವ ಲೆನ್ಸ್ ತೆಗೆದು, ಹೊಲಿಯುವವರ ದೂರಕ್ಕೆ ತಕ್ಕದ್ದನ್ನು ಹಾಕಿದಳು. ಒಂದು ಸೂಜಿ, ಎರಡು ದಾರದ ತುಂಡು ಕೊಟ್ಟಳು. "ಕಪ್ಪು ಯಾವುದೋ ಅದನ್ನ ಪೋಣಿಸು. ಮಾತು ಬೇಡ."

ಮೊದಲ ಲೆನ್ಸಿನಲ್ಲಿ ದಾರ ಎರಡು ಸಲ ಪಕ್ಕಕ್ಕೆ ಹೋಯಿತು. ಬದಲಾಯಿಸಿದಳು. ಎರಡನೆಯದರಲ್ಲಿ ಅಕ್ಕ ನೀಲಿ ದಾರವನ್ನು ಬದಿಗಿಟ್ಟು, ಕಪ್ಪು ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಒಂದೇ ಸಲಕ್ಕೆ ಸೂಜಿಯ ಕಣ್ಣಿನೊಳಗೆ ತೂರಿಸಿದಳು. ಎಷ್ಟು ವರ್ಷಗಳಾಗಿದ್ದವೋ. ಸೂಜಿಯನ್ನು ಕೈಯಲ್ಲಿ ಹಿಡಿದು ಮಗುವಿನ ಹಾಗೆ ನಕ್ಕಳು. ನಗುತ್ತಲೇ ತಲೆ ಎತ್ತಿದಳು. ಇರುವೆ ಅವಳ ಎದುರಿಗೇ, ಬಟ್ಟೆಯಷ್ಟೇ ಹತ್ತಿರ, ಬಗ್ಗಿ ನಿಂತಿದ್ದಳು.

ಅಕ್ಕನ ನಗು ನಿಂತಿತು. ಆ ಭಾರದ ಕನ್ನಡಕದ ಒಳಗಿನಿಂದ ಅವಳು ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಕೈ ಚಾಚಿ ಅವಳ ಕಣ್ಣಿನ ಕೆಳಗೆ ಹೆಬ್ಬೆರಳಾಡಿಸಿದಳು.

"ಇದೇನೇ ಇದು? ಯಾವಾಗಿಂದ ಹೀಗಾಗಿದೀಯ? ತಲೇಲಿ ಬಿಳಿ ಕೂದಲು!"

"ಎರಡೇ ಎರಡು ಅಕ್ಕ."

"ಈ ವಯಸ್ಸಿಗೆ ಎರಡು ಯಾಕಿರಬೇಕು?"

ಇರುವೆ ಸ್ಟೂಲಿನ ಮೇಲೆ ಕೂತುಬಿಟ್ಟಳು. ಬೆನ್ನಿರುವ ಹೊಸ ಕುರ್ಚಿ ಪಕ್ಕದಲ್ಲೇ ಇತ್ತು, ಅದರ ನೆನಪಾಗಲಿಲ್ಲ. "ನನಗೆ ಸುಸ್ತಾಗಿದೆ ಅಕ್ಕ," ಎಂದಳು. "ಹೋಗೋದಕ್ಕೂ ಸುಸ್ತು. ಇರೋದಕ್ಕೂ ಸುಸ್ತು. ನಾನು ಇಲ್ಲೇ ಇರ್ತೀನಿ. ನಿನಗೂ ಒಬ್ರು ಬೇಕಲ್ಲ."

ಅಕ್ಕ ಕನ್ನಡಕ ತೆಗೆಯಲಿಲ್ಲ. ಅವಳು ಆಮೇಲೆ ಆಡಿದ ಮಾತನ್ನು ನಾನು ಒಂದಕ್ಷರ ಬಿಡದೆ ಹೇಳಬಲ್ಲೆ.

"ನೀನು ಹೋಗೋದು ನನಗೆ ಬೇಕಾಗಿಲ್ಲ ಪುಟ್ಟಿ. ಎರಡೂ ಒಂದೇ ಅಂದಿದ್ದು ಸುಳ್ಳು. ಆ ಮಂಚ ಖಾಲಿ ಆಗತ್ತೆ ಅಂದ್ರೆ ನನಗೆ ಅನ್ನ ಇಳಿಯಲ್ಲ. ಆದ್ರೆ ನೀನು ಉಳಿದ್ರೆ ನನಗೋಸ್ಕರ ಉಳಿದೆ ಅಂತ ಆಗತ್ತೆ. ದಿನಾ ಬೆಳಿಗ್ಗೆ ಗಂಟು ಹೊತ್ಕೊಂಡು ನೀನು ಬಾಗಿಲು ದಾಟೋವಾಗ ನಾನು ಅದನ್ನ ನೋಡಬೇಕು. ಅಷ್ಟು ಭಾರ ನನ್ನ ಕೈಲಿ ಹೊರೋಕಾಗಲ್ಲ. ನಾನೂ ದಣಿದಿದೀನಿ ಕಣೆ. ಇಪ್ಪತ್ತು ವರ್ಷದಿಂದ ಮೆಷಿನ್ ತುಳಿದು ತುಳಿದು ನನಗೂ ಸಾಕಾಗಿದೆ. ನೀನು ಸುಸ್ತಾಗಿದ್ರೆ ಸುಸ್ತಾಗಿದೆ ಅಂತ ಉಳಿ, ಬೇಡ ಅನ್ನಲ್ಲ. ನನ್ನ ಹೆಸರು ಹಾಕಬೇಡ."

ಯಂತ್ರ ಕೂಗುತ್ತಿರಲಿಲ್ಲ, ಬೀದಿಯಲ್ಲೂ ಸದ್ದಿರಲಿಲ್ಲ. ನನಗೆ ಫ್ರೇಮುಗಳನ್ನು ಜೋಡಿಸಲು ಜಾಗ ಉಳಿದಿರಲಿಲ್ಲ. ನನಗೆ ಆ ಹೆಂಗಸಿನ ಮೇಲೆ ಎಷ್ಟು ಗೌರವ ಬಂತೆಂದರೆ, ಹೋಗಿ ಅವಳ ಕಾಲು ಹಿಡಿಯಬೇಕೆನಿಸಿತು. ಹಿಡಿಯಲಿಲ್ಲ. ಒಬ್ಬ ಗಿರಾಕಿ ಬಂದರು, ಅವರ ಮುಖಕ್ಕಾಗಿಯೇ ಮಾಡಿದ ಫ್ರೇಮು ತೋರಿಸಿದೆ.

ಇರುವೆ ಅವತ್ತೇ ಅಕ್ಕನ ಲೆನ್ಸುಗಳನ್ನು ತಾನೇ ಉಜ್ಜಿ, ನಾನು ಆರಿಸಿಕೊಟ್ಟ ಕಂದು ಫ್ರೇಮಿಗೆ ಕೂರಿಸಿದಳು. ಶುಕ್ರವಾರ ಬೆಳಿಗ್ಗೆ ಅವಳು ಏಳುವ ಮೊದಲೇ ಅಕ್ಕ ಸೂಜಿಗಳಿಗೆಲ್ಲ ತಾನೇ ದಾರ ಪೋಣಿಸಿಟ್ಟಿದ್ದಳಂತೆ. ಮಾಡಲು ಕೆಲಸವಿಲ್ಲದೆ ಇರುವೆ ಮಂಚದ ಮೇಲೆ ಕೂತಿದ್ದಳಂತೆ, ಸುಮ್ಮನೆ, ಬಹಳ ಹೊತ್ತು. ನೆಪ ಹೋಗಿತ್ತು. ಉಳಿದಿದ್ದದ್ದು ಸುಸ್ತು ಮತ್ತು ಅವಳು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನ ಎದುರೇ ಫೋನ್ ಮಾಡಿ, ಬರುತ್ತೇನೆ ಎಂದು ಆ ಕಡೆಯವರಿಗೆ ತಿಳಿಸಿದಳು. ಫೋನಿಟ್ಟು ನನ್ನ ಕಡೆ ತಿರುಗಿ, "ದಣಿದೇ ಸಾಯೋದಾದ್ರೆ ಒಂದು ಒಳ್ಳೆ ಯಂತ್ರದ ಮುಂದೆ ಕೂತು ದಣೀತೀನಿ," ಎಂದಳು. ಬಿಟ್ಟ ಬಾಣ, ಇನ್ನು ಹಿಂದಕ್ಕಿಲ್ಲ! ನಾನು ಬನ್ನು ತರಿಸಿದೆ. ಈ ಸಲ ತಿಂದಳು.

ಅವಳು ಹೊರಟದ್ದು ಒಂದು ಮಧ್ಯಾಹ್ನದ ಬಸ್ಸಿಗೆ. ಯಜಮಾನರು ರಜೆ ಕೊಡಲು ಮುಖ ಗಂಟಿಕ್ಕಿದರು. ನಾನು ಅವರ ಮಾತು ಕೇಳದೆಯೇ ಬಂದೆ. ಭಾವ ಪೆಟ್ಟಿಗೆಗಳನ್ನು ಬಸ್ಸಿನ ಮೇಲೆ ಹಾಕಿಸುತ್ತಾ, "ಇರುವೆಗೆ ಇಷ್ಟು ಸಾಮಾನು ಸಾಕಾ, ಮನೆ ಬಾಗಿಲೂ ಕಿತ್ತು ಕೊಡ್ಲಾ?" ಎನ್ನುತ್ತಿದ್ದ. ಇರುವೆ ಅಕ್ಕನ ಕಾಲಿಗೆ ಬಗ್ಗಿದಳು, ನನ್ನನ್ನು ತಬ್ಬಿಕೊಂಡಳು, ಹತ್ತಿ ಕಿಟಕಿಯ ಪಕ್ಕ ಕೂತಳು. ಡ್ರೈವರು ಇನ್ನೂ ಬಂದಿರಲಿಲ್ಲ. ಬಸ್ಸು ನಿಂತಲ್ಲಿಂದ ಸ್ವಲ್ಪ ದೂರಕ್ಕೆ ಸರಿದು, ನೆರಳಿದ್ದ ಕಡೆ ನಾವು ನಿಂತೆವು.

ಆಗ ನೋಡಿದೆ, ಅಕ್ಕ ಹೊಲಿಗೆಯ ಚಾಳೀಸು ಹಾಕಿಕೊಂಡು ನಿಂತಿದ್ದಳು. ಮರೆತು ಹಾಕಿಕೊಂಡು ಬಂದಿರಬೇಕು ಎಂದುಕೊಂಡೆ.

"ಅದನ್ನ ತೆಗೀರಮ್ಮ," ಎಂದೆ. "ಅದು ಹತ್ತಿರಕ್ಕೆ. ದೂರದ್ದೆಲ್ಲ ಮಂಜಾಗತ್ತೆ. ಅವಳು ಕಾಣಿಸೋದೇ ಇಲ್ಲ."

"ಗೊತ್ತು," ಎಂದಳು ಅಕ್ಕ. "ಅದಕ್ಕೇ ಹಾಕ್ಕೊಂಡು ಬಂದಿದೀನಿ."

ಚಾಳೀಸು ತೆಗೆಯಲು ಚಾಚಿದ್ದ ಕೈಯನ್ನು ನಾನು ಹಿಂದಕ್ಕೆಳೆದುಕೊಂಡೆ.

ಡ್ರೈವರು ಬಂದು ಹತ್ತಿದ. ಬಸ್ಸು ಸದ್ದು ಮಾಡುತ್ತಾ ಅಲುಗಾಡಿತು. ಅಕ್ಕ ನನ್ನ ತೋಳು ಹಿಡಿದಳು. "ಏನ್ಮಾಡ್ತಿದಾಳೆ? ಅಳ್ತಿದಾಳಾ? ಕೈ ಬೀಸ್ತಿದಾಳಾ?"

ನಾನು ನೋಡಿದೆ. ಇರುವೆ ಕಿಟಕಿಯ ಗಾಜಿಗೆ ತಲೆಯಾನಿಸಿ, ಬಾಯಿ ಅರ್ಧ ತೆರೆದುಕೊಂಡು, ನಿದ್ದೆ ಹೋಗಿದ್ದಳು. ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದಳು, ಬೀಳದ ಹಾಗೆ. ಗಾಜು ನಡುಗಿದರೂ ಅವಳಿಗೆ ಎಚ್ಚರವಾಗಲಿಲ್ಲ. ಸುಳ್ಳು ಹೇಳುವುದು ನನ್ನ ಕಸುಬು. ಕೈ ಬೀಸುತ್ತಿದ್ದಾಳೆ ಎಂದು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ.

"ನಿದ್ದೆ ಮಾಡಿಬಿಟ್ಟಿದಾಳೆ," ಎಂದೆ.

ಭಾವ ಕಿಟಕಿ ಬಡಿದು ಎಬ್ಬಿಸಲು ಎರಡು ಹೆಜ್ಜೆ ಮುಂದೆ ಹೋದ. ಅಕ್ಕ ಅವನ ಅಂಗಿ ಹಿಡಿದೆಳೆದಳು.

"ಬೇಡ. ಮಲಗ್ಲಿ ಬಿಡಿ," ಎಂದಳು. "ಎಬ್ಬಿಸಬೇಡಿ."